ಪಾದವಿದ್ದ ಅಕ್ಷರ

ಹೊಸದಾಗಿ ಕೊಯ್ದ ಮೇಪಲ್ ಮರದ ಹೊಟ್ಟು, ಅದರ ಜೊತೆಗೆ ಅಗಸೆ ಎಣ್ಣೆ, ಇವೆರಡರ ಹಿಂದೆ ತುಸುವೇ ಸೀಮೆ ಎಣ್ಣೆ, ಅದೇ ಅಮ್ಮನ ವಾಸನೆ. ನನಗೆ ನಾಲ್ಕೈದು ವರ್ಷವಿದ್ದಾಗ, ಕೆಲಸದಿಂದ ಬಂದ ಅಮ್ಮ ಕೋಟು ಬಿಚ್ಚುವುದನ್ನೇ ಕಾದಿದ್ದು ಅವಳ ಏಪ್ರನ್ನಿಗೆ ಮುಖ ಒತ್ತಿ ನಿಲ್ಲುತ್ತಿದ್ದೆ. ಅವಳು ನನ್ನನ್ನು ಹಾಗೆಯೇ ಅಂಟಿಸಿಕೊಂಡು ಒಲೆಯವರೆಗೂ ನಡೆದು ಕೆಟಲ್ ಇಡುತ್ತಿದ್ದಳು. ಈಗ ನನಗೆ ಎಂಬತ್ತು ದಾಟಿದೆ. ಮೊನ್ನೆ ಪಕ್ಕದ ಮನೆಯವರು ಮೇಪಲ್ ಮರದ ಕೊಂಬೆ ಕಡಿಸುತ್ತಿದ್ದಾಗ ಕಿಟಕಿ ತೆರೆದಿಟ್ಟುಕೊಂಡು ಕೂತುಬಿಟ್ಟೆ. ಕಾಫಿ ಆರಿದ್ದೂ ತಿಳಿಯಲಿಲ್ಲ.

ನಮ್ಮೂರು ಪೋರ್ಟ್ ವೆಂಡೆಲ್. ನದಿ ಬಂದು ಮಿಷಿಗನ್ ಸರೋವರ ಸೇರುವ ಕಡೆ ಅಕ್ಷರದ ಕಾರ್ಖಾನೆ ಇತ್ತು. ಭಿತ್ತಿಪತ್ರ ಅಚ್ಚುಹಾಕುವವರಿಗೆ ಬೇಕಾದ ಮರದ ಅಚ್ಚುಮೊಳೆಗಳನ್ನು, ಅಂದರೆ ಒಂದೊಂದು ಅಕ್ಷರದ ಮರದ ತುಂಡುಗಳನ್ನು, ಅಲ್ಲಿ ಕೊರೆಯುತ್ತಿದ್ದರು. ಕೆಲವು ಅಂಗೈಯಷ್ಟು, ಕೆಲವು ಮೊಣಕೈಯುದ್ದ. ಹಸುಗಳ ಹರಾಜು, ಸರ್ಕಸ್ಸು, ಹಂದಿ ಪ್ರದರ್ಶನ, ಚುನಾವಣೆ, ಹೀಗೆ ಯಾರೇ ಏನನ್ನೇ ದೊಡ್ಡದಾಗಿ ಕೂಗಿ ಹೇಳಬೇಕೆಂದರೂ ಆ ಕೂಗು ನಮ್ಮೂರಿನ ಮರದ ಮೇಲಿಂದ ಹೋಗುತ್ತಿತ್ತು.

ಕೆಟ್ಟುಹೋದ ಮೊಳೆಗಳನ್ನು ಕೆಲಸಗಾರರು ಒಲೆಗೆಂದು ಬುಟ್ಟಿಯಲ್ಲಿ ಮನೆಗೆ ತರುತ್ತಿದ್ದರು. ಉರಿಯುವ ಮುಂಚೆ ಅವು ನಮ್ಮ ಆಟದ ಸಾಮಾನು. ಅಚ್ಚಿನ ಮೊಳೆಯಲ್ಲಿ ಅಕ್ಷರ ಕನ್ನಡಿಯೊಳಗಿನ ಹಾಗೆ ತಿರುವುಮುರುವಾಗಿರುತ್ತದಲ್ಲ, ನಾವೂ ಹಾಗೆಯೇ ಕಲಿತೆವು. ಒಂದನೆಯ ತರಗತಿಗೆ ಹೋದ ದಿನ ಸ್ಲೇಟಿನ ಮೇಲೆ ನನ್ನ ಹೆಸರನ್ನು ಬಲದಿಂದ ಎಡಕ್ಕೆ, ಒಂದೊಂದು ಅಕ್ಷರವನ್ನೂ ಬೆನ್ನು ತಿರುಗಿಸಿ, ಬಹಳ ಅಂದವಾಗಿ ಬರೆದಿದ್ದೆ. ಸಿಸ್ಟರ್ ಅಂಬ್ರೋಸಿಯಾ ಬೈಯಲಿಲ್ಲ. ಮೇಜಿನ ಖಾನೆಯಿಂದ ಅಂಗೈಯಗಲದ ಒಂದು ಕನ್ನಡಿ ತೆಗೆದು ಸ್ಲೇಟಿನ ಪಕ್ಕ ಹಿಡಿದರು.

"ಲಿಬುಶೆ. ಚೆನ್ನಾಗಿ ಬರ್ದಿದೀಯ ಮಗೂ. ಈಗ ಹೊರಗಿನ ಊರಿನವರಿಗೂ ಕಾಣೋ ಹಾಗೆ ಬರಿ ನೋಡೋಣ" ಎಂದರು.

ಪ್ರತಿ ವರ್ಷ ಕಾರ್ಖಾನೆಯ ಮಕ್ಕಳಿಗಾಗಿಯೇ ಅವರು ಆ ಕನ್ನಡಿ ಇಟ್ಟುಕೊಂಡಿದ್ದರು. ನಮ್ಮಲ್ಲಿ ಯಾರಿಗೂ ಅದೊಂದು ತಪ್ಪು ಎಂದು ಅನ್ನಿಸಲು ಅವರು ಬಿಡಲಿಲ್ಲ. ಮುಂದೆ ನಾನೇ ಮೂವತ್ತೆಂಟು ವರ್ಷ ಪಾಠ ಮಾಡಿದೆ. ಅಷ್ಟು ಒಳ್ಳೆಯ ಸಾಧನವೊಂದು ನನ್ನ ಖಾನೆಯಲ್ಲಿ ಎಂದೂ ಇರಲಿಲ್ಲ.

ಅಮ್ಮ ಕೂರುತ್ತಿದ್ದುದು ನದಿಯ ಕಡೆಯ ಕಿಟಕಿಗಳ ಕೆಳಗಿನ ಉದ್ದನೆಯ ಮೇಜಿನಲ್ಲಿ. ಅಲ್ಲಿ ಆರು ಹೆಂಗಸರು. ಅವರ ಕೆಲಸವನ್ನು ಹೇಳದಿದ್ದರೆ ಮುಂದಿನ ಕತೆ ಇಲ್ಲ. ಮೊಳೆ ಕೊರೆಯುವ ಯಂತ್ರದ ಉಳಿ ಗಿರಗಿರನೆ ಸುತ್ತುವಂಥದ್ದು. ಸುತ್ತುವ ಉಳಿಗೆ ಒಳಮೂಲೆಗಳನ್ನು ಚೂಪಾಗಿ ಕೊರೆಯಲು ಬಾರದು, ಅಲ್ಲೆಲ್ಲ ಸ್ವಲ್ಪ ಮರ ದುಂಡಗೆ ಉಳಿದುಬಿಡುತ್ತದೆ. ಆ ಉಳಿಕೆಯನ್ನು ಕೈಚಾಕುವಿನಿಂದ ತೆಗೆದು ಮೂಲೆಯನ್ನು ಮೂಲೆಯಾಗಿಸುವುದೇ ಅವರ ಕೆಲಸ.

ಅಕ್ಷರಗಳಲ್ಲಿ ಎರಡು ಜಾತಿ. ಗೀಟುಗಳ ತುದಿಗೆ ಅಡ್ಡಪಟ್ಟಿ ಇರುವಂಥವು, ಅಂದರೆ ಸೆರಿಫ್ ಇರುವವು, ಒಂದು. ಏನೂ ಇಲ್ಲದೆ ಸುಮ್ಮನೆ ನಿಂತುಬಿಡುವ ಅಕ್ಷರಗಳು ಇನ್ನೊಂದು. ಮೇಜಿನ ಹೆಂಗಸರು ಮೊದಲನೆಯದಕ್ಕೆ ಪಾದದಕ್ಷರ ಎಂದೂ ಎರಡನೆಯದಕ್ಕೆ ಬೋಳಕ್ಷರ ಎಂದೂ ಹೆಸರಿಟ್ಟಿದ್ದರು. ಬೋಳು ಎಚ್ ಅಕ್ಷರಕ್ಕೆ ಒಳಮೂಲೆಗಳು ನಾಲ್ಕೇ. ಪಾದವಿದ್ದರೆ ಹನ್ನೆರಡು. ಬೋಳು ಐ ಅಕ್ಷರಕ್ಕೆ ಒಂದೂ ಇಲ್ಲ, ಪಾದವಿದ್ದರೆ ನಾಲ್ಕು. ಆರು ಹೆಂಗಸರು ಆ ಮೇಜಿನಲ್ಲಿ ಕೂತಿದ್ದದ್ದು ಪಾದಗಳ ಋಣದಲ್ಲಿ.

ನಾನು ಹೇಳುತ್ತಿರುವುದು ಸಾವಿರದ ಒಂಬೈನೂರ ಐವತ್ತೈದರ ಮಾತು. ನನಗೆ ಹತ್ತೊಂಬತ್ತು ವರ್ಷ. ಶಿಕ್ಷಕರ ಕಾಲೇಜಿನಿಂದ ಈಸ್ಟರಿಗೆ ಮುಂಚಿನ ರಜೆಗೆ ಮನೆಗೆ ಬಂದಿದ್ದೆ. ಸೋಮವಾರ ಸಂಜೆ ಅಮ್ಮ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ರೀತಿ ನೋಡಿಯೇ ಏನೋ ಆಗಿದೆಯೆಂದು ತಿಳಿಯಿತು. ಸಿಪ್ಪೆಯ ಆಚೆ ದೀಪ ಕಾಣುವಷ್ಟು ತೆಳ್ಳಗೆ ಸುಲಿಯುತ್ತಿದ್ದಳು.

"ಈ ವರ್ಷ ಒಂದೇ ಒಂದು ಹೊಸ ಅಕ್ಷರದ ಮಾದರಿ ಮಾಡ್ತಾರಂತೆ" ಎಂದಳು. "ಮ್ಯಾನೇಜರ್ ಟೆಸ್ಕ್ ಬಂದು ಹೇಳಿದ್ರು. ಶಿಕಾಗೋದವರೊಬ್ಬರು ಬರ್ತಾರೆ, ಡನ್ಫಿ ಅಂತ. ಅರ್ಧ ದೇಶದ ಪ್ರದರ್ಶನಗಳಿಗೆಲ್ಲ ಅವರೇ ಭಿತ್ತಿಪತ್ರ ಮಾಡೋದು. ಹೊರಗಿನೋರು ಯಾರೋ ಬರೆದ ಬೋಳಕ್ಷರ, ಇಲ್ಲಾ ನಮ್ಮ ಝಾಹೋರಿಕ್ ಅವರ ಪಾದದಕ್ಷರ. ಅವರು ಯಾವುದನ್ನ ಆರಿಸ್ತಾರೋ ಅದು."

"ಬೋಳನ್ನ ಆರಿಸಿದ್ರೆ?" ಎಂದು ಅಪ್ಪ ಕೇಳಿದ.

"ಮೇಜಿಗೆ ಇಬ್ಬರು ಸಾಕು. ಹ್ಯಾಟಿ, ಗರ್ಟ್ರೂಡ್. ಅವರು ಹಳಬರು. ಮಿಕ್ಕ ನಾಲ್ವರು ಮನೆಗೆ."

ಅಮ್ಮ ಆ ನಾಲ್ವರಲ್ಲಿ ಒಬ್ಬಳು. ಸರೋವರದಲ್ಲಿ ಟ್ರೌಟ್ ಮೀನು ಇಲ್ಲವಾಗಿ ಎರಡು ವರ್ಷವಾಗಿತ್ತು. ಅಪ್ಪನ ದೋಣಿ ಹಿತ್ತಲಲ್ಲಿ ಬೋರಲು ಬಿದ್ದಿತ್ತು, ಅಪ್ಪ ಇತರರ ಬಲೆ ನೇಯ್ದುಕೊಡುತ್ತಿದ್ದ. ಮನೆ ನಡೆಯುತ್ತಿದ್ದುದೂ ನನ್ನ ಕಾಲೇಜು ನಡೆಯುತ್ತಿದ್ದುದೂ ಅಮ್ಮನ ಚಾಕುವಿನಿಂದ.

"ನನ್ನ ದೋಣಿ ದಡ ಹತ್ತಿತು. ಈಗ ನಿನ್ನ ಚಾಕೂನೂ ಹತ್ತುತ್ತೆ ಅನ್ನು ಸ್ಟಾಜಿ" ಎಂದ ಅಪ್ಪ.

"ಹತ್ತಿದ್ರೆ ಇಬ್ರೂ ಇಸ್ಪೀಟ್ ಆಡ್ತಾ ಕೂರೋಣ. ಆದ್ರೆ ನೀನು ಮೋಸ ಮಾಡ್ತೀಯ, ಅದೇ ಬೇಜಾರು" ಎಂದಳು ಅಮ್ಮ. ಅವಳು ನಕ್ಕಳು. ಆದರೆ ಮಾರನೆಯ ಬೆಳಗ್ಗೆ, ಕೆಲಸಕ್ಕೆ ಹೊರಡುವ ಮುಂಚೆ, ಹಿತ್ತಲಿನ ದೋಣಿಯ ಮುಂದೆ ಒಂದು ಕ್ಷಣ ನಿಂತದ್ದನ್ನು ನಾನು ಕಿಟಕಿಯಿಂದ ಕಂಡೆ.

ಅಲೋಯ್ಸ್ ಝಾಹೋರಿಕ್ ಕಾರ್ಖಾನೆಯ ಅಕ್ಷರ ಬರೆಯುವವರು. ಅರವತ್ತರ ಮೇಲಿನ ವಯಸ್ಸು, ಕಿವಿಯ ಹಿಂದೆ ನೀಲಿ ಪೆನ್ಸಿಲು, ಮನೆಯಲ್ಲಿ ಎರಡು ಹಾಡುಹಕ್ಕಿಗಳು, ದಿನಕ್ಕೆ ಹತ್ತು ಮಾತು. ಈ ಪಾದದಕ್ಷರವನ್ನು ಅವರು ಎರಡು ಚಳಿಗಾಲ ಕೂತು ಬರೆದಿದ್ದರು. ಬೇಲಿಗಂಬದಷ್ಟು ದಪ್ಪ ಗೀಟುಗಳು, ಅಷ್ಟೇ ದಪ್ಪ ಪಾದಗಳು, ಎಲ್ಲವೂ ನೇರ, ಗಟ್ಟಿ. ಒಳಗಿನ ಬಿಳಿ ಜಾಗ ಮಾತ್ರ ಸ್ವಲ್ಪ. ಅದನ್ನು ಮಾಡುವುದೇ ಕಷ್ಟವೆಂದು ಅವರು ನನಗೊಮ್ಮೆ ಹೇಳಿದ್ದರು. "ಕಪ್ಪು ಯಾರಾದ್ರೂ ಬರೀತಾರೆ. ಬಿಳಿ ಉಸಿರಾಡ್ಬೇಕು." ಅವರ ಆ ದಿನದ ಹತ್ತು ಮಾತಿನಲ್ಲಿ ಅರ್ಧ ನನಗೇ ಖರ್ಚಾಗಿತ್ತು.

ಮೇಜಿನ ಹೆಂಗಸರು ಆ ಅಕ್ಷರವನ್ನು ಹ್ಯಾಟಿ ಎಂದೇ ಕರೆಯುತ್ತಿದ್ದರು. ಹ್ಯಾಟಿ ವ್ಯಾಂಡರ್‌ಹೂಫ್ ಮೇಜಿನ ತುದಿಯಲ್ಲಿ ಕೂರುತ್ತಿದ್ದ ಬೆಲ್ಜಿಯಂ ಮೂಲದ ಹೆಂಗಸು. ಅಗಲ ಸೊಂಟ, ಗಂಡಸರ ಅಳತೆಯ ಬೂಟು. ಅವಳಿಗೆ ಆ ಹೆಸರಿನಿಂದ ಬೇಸರವಿರಲಿಲ್ಲ. "ನೋಡ್ರೇ, ನನ್ನ ಹಾಗೇ ಇದೆ. ಯಾವ ಗಾಳಿಗೂ ಬೀಳಲ್ಲ" ಎಂದು ಮೊದಲ ಮೊಳೆಯನ್ನು ಎತ್ತಿ ಎಲ್ಲರಿಗೂ ತೋರಿಸಿದ್ದಳಂತೆ.

ಪರೀಕ್ಷೆ ಹೀಗೆಂದು ಗೊತ್ತಾಯಿತು. ಎರಡು ಅಕ್ಷರಗಳಲ್ಲೂ ಒಂದೇ ಸಾಲನ್ನು ಅಚ್ಚುಹಾಕಿ, ನದಿಯಾಚೆ ಬಲೆ ಒಣಹಾಕುವ ಶೆಡ್ಡಿನ ಗೋಡೆಗೆ ಮೇಲೊಂದು ಕೆಳಗೊಂದು ತೂಗುಹಾಕುವುದು. ಡನ್ಫಿ ಸೇತುವೆಯ ಮೇಲೆ ನಿಂತು ನೋಡುತ್ತಾರೆ. ಕಾರಿನಲ್ಲಿ ಹೋಗುವವನು ದೂರದಿಂದಲೇ ಓದಬೇಕು, ಅವರಿಗೆ ಬೇಕಾದದ್ದು ಅಷ್ಟೇ. ಯಾವ ಸಾಲು ಎಂಬುದರ ಬಗ್ಗೆ ಚರ್ಚೆಯಾಗಿ, ಹೇಗೂ ಆ ವಾರ ಚರ್ಚಿನ ಸಭಾಂಗಣದಲ್ಲಿ ಈಸ್ಟರಿಗೆ ಮುಂಚಿನ, ಮಾಂಸ ಬಿಟ್ಟು ಮೀನು ತಿನ್ನುವ ಉಪವಾಸ ಕಾಲದ ಊಟವಿತ್ತಲ್ಲ, 'ಶುಕ್ರವಾರ ಮೀನೂಟ' ಎಂದೇ ಹಾಕಿದರು. ಇಂಗ್ಲಿಷಿನಲ್ಲಿ ಹದಿಮೂರು ಅಕ್ಷರ.

ಗುರುವಾರ ಮಧ್ಯಾಹ್ನ ಅರ್ಧ ಊರು ಸೇತುವೆಯ ಮೇಲಿತ್ತು. ಅಪ್ಪ ಮತ್ತು ಝಾಹೋರಿಕ್ ಆಚೆ ದಡದಲ್ಲಿ ಹಾಳೆಗಳನ್ನು ಕಬ್ಬಿಣದ ಮೊಳೆ ಹೊಡೆದು ನಿಲ್ಲಿಸಿ, ಹಿಂದೆ ಸರಿದು ನೋಡಿ, ತಲೆಯಾಡಿಸಿ ಈ ಕಡೆ ಬಂದರು. ವ್ಯವಸ್ಥಾಪಕ ಟೆಸ್ಕ್ ತನ್ನ ಹ್ಯಾಟನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಅವರು ಕೆಟ್ಟವರಲ್ಲ. ಯಾರನ್ನೂ ಮನೆಗೆ ಕಳಿಸಲು ಇಷ್ಟವಿಲ್ಲದೆ ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ ಎಂದು ಅವರ ಹೆಂಡತಿಯೇ ಬೇಕರಿಯಲ್ಲಿ ಹೇಳಿದ್ದಳು.

"ಎರಡೂ ಚೆನ್ನಾಗಿ ಓದಕ್ಕೆ ಬರುತ್ತೆ" ಎಂದ ಬೇಕರಿಯವನು.

"ಮೇಲಿಂದೇ ವಾಸಿ" ಎಂದ ಇನ್ನೊಬ್ಬ.

"ಕೆಳಗಿಂದು."

ಡನ್ಫಿ ದಪ್ಪಗೆ, ಕೆಂಪಗೆ, ಒಳ್ಳೆಯ ಮೀಸೆಯ ಐರಿಷ್ ಮೂಲದ ಮನುಷ್ಯ. ಕಣ್ಣು ಕಿರಿದು ಮಾಡಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಇದ್ಯಾವ ಭಾಷೆ?" ಎಂದರು.

"ಇಂಗ್ಲಿಷು, ಮಿಸ್ಟರ್ ಡನ್ಫಿ" ಎಂದರು ಟೆಸ್ಕ್.

"ಇಂಗ್ಲಿಷ್ ನಂಗೆ ಗೊತ್ತು. ಇದಲ್ಲ. ಬೊಹೀಮಿಯನ್ನಾ? ಪೋಲಿಷ್ಷಾ?"

ಬೊಹೀಮಿಯನ್ನರೂ ಪೋಲಿಷರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಶಿಕಾಗೋದಲ್ಲಿ ಒಳ್ಳೆ ಕನ್ನಡಕ ಸಿಗಲ್ವಾ ಮಿಸ್ಟರ್?" ಎಂದಳು ಹ್ಯಾಟಿ. "ಅಷ್ಟು ದಪ್ಪಗಿದೆಯಲ್ಲ. ನಮ್ಮನೆ ಕೋಳಿ ಕೂಡ ಓದುತ್ತೆ."

"ಹಾಗಾದ್ರೆ ನಿಮ್ಮ ಕೋಳೀನೇ ಕರೆಸಿ ಮೇಡಮ್. ನಂಗಂತೂ ಓದಕ್ಕಾಗ್ತಿಲ್ಲ."

ಯಾರಿಗೂ ಏನೂ ಹೊಳೆಯಲಿಲ್ಲ. ನನಗೂ. ಆಗ ಗುಂಪಿನ ಹಿಂದಿನಿಂದ ಸಿಸ್ಟರ್ ಅಂಬ್ರೋಸಿಯಾ ನಿಧಾನವಾಗಿ ಮುಂದೆ ಬಂದರು. ಅಷ್ಟು ಹೊತ್ತಿಗೆ ಅವರಿಗೆ ಬಹಳ ವಯಸ್ಸಾಗಿತ್ತು. ಉದ್ದನೆಯ ಕಪ್ಪು ನಿಲುವಂಗಿಯ ಜೇಬಿಗೆ ಕೈಹಾಕಿ ಅದೇ ಕನ್ನಡಿ ತೆಗೆದರು. ಒಂದು ಮೂಲೆ ಒಡೆದಿತ್ತು, ಅಷ್ಟೇ.

"ಸ್ವಲ್ಪ ಬೆನ್ನು ತಿರುಗಿಸಿ ನಿಂತ್ಕೊಂಡು ಇದರಲ್ಲಿ ನೋಡಿ" ಎಂದರು.

ಡನ್ಫಿ ತಿರುಗಿ ನಿಂತರು. ಕನ್ನಡಿ ಎತ್ತಿದರು. ಆಮೇಲೆ ಅವರ ಮೀಸೆ ಅಲುಗಾಡಿತು.

"ಶುಕ್ರವಾರ ಮೀನೂಟ" ಎಂದು ಓದಿದರು.

ಹಾಳೆಗಳನ್ನು ಬೆನ್ನು ಮುಂದಾಗಿ ತೂಗುಹಾಕಿದ್ದರು. ನಮ್ಮಲ್ಲಿ ಕರಡಚ್ಚು ತೆಗೆಯುವುದು ತೆಳ್ಳನೆಯ ಕಾಗದದ ಮೇಲೆ. ಮಸಿ ಹಿಂದಕ್ಕೂ ಕಾಣುತ್ತದೆ. ಹಿಂಬದಿಯಿಂದ ನೋಡಿದರೆ ಅಕ್ಷರ ಮೊಳೆಯ ಹಾಗೆಯೇ ಕಾಣುವುದರಿಂದ, ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಲು ಸುಲಭವೆಂದು ನಮ್ಮವರು ಯಾವಾಗಲೂ ಹಿಂಬದಿಯನ್ನೇ ನೋಡುತ್ತಿದ್ದರು. ಅಪ್ಪ ಹಾಗೆಯೇ ಹೊಡೆದಿದ್ದ, ಝಾಹೋರಿಕ್ ಹಾಗೆಯೇ ಸರಿಯೆಂದಿದ್ದರು, ಅರ್ಧ ಊರು ಹಾಗೆಯೇ ನಿಂತು ಓದಿತ್ತು. ಮೊದಲು ನಕ್ಕವರು ಡನ್ಫಿಯೇ. ಆಮೇಲೆ ಸೇತುವೆಯ ಮೇಲಿನ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅಪ್ಪ ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡು, "ಮೀನಿಗೆ ಯಾವ ಕಡೆಯಿಂದ ಓದಿದ್ರೂ ಒಂದೇ" ಎಂದ.

ಆದರೆ ಕನ್ನಡಿ ಹಿಂದಿರುಗಿಸುವಾಗ ಡನ್ಫಿ ಹೇಳಿದ ಮಾತನ್ನು ಹತ್ತಿರವಿದ್ದ ನಾನು ಕೇಳಿಸಿಕೊಂಡೆ. ಟೆಸ್ಕ್ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದರು: "ಬೋಳು ಪರವಾಗಿಲ್ಲ. ಇನ್ನೊಂದು, ಆ ಪಾದದ್ದು, ತಂತಿ ಮೇಲೆ ಕೂತ ಕಾಗೆಗಳ ಹಾಗಿದೆ. ಕಪ್ಪು ಮುದ್ದೆ. ನಾಳೆ ಸಂಜೆ ಸರಿಯಾದ ಕಾಗದದ ಮೇಲೆ ಇನ್ನೊಂದ್ಸಲ ತೋರ್ಸಿ. ಆದ್ರೆ ಹೆಚ್ಚು ಆಸೆ ಇಟ್ಕೋಬೇಡಿ."

ಅಮ್ಮನಿಗೂ ಕೇಳಿಸಿತ್ತು. ಅವಳು ಸೇತುವೆ ದಾಟಿ ಶೆಡ್ಡಿನವರೆಗೆ ಹೋದಳು. ನಾನು ಹಿಂದೆ ಹೋದೆ. ಹಾಳೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಎಚ್ ಅಕ್ಷರವನ್ನು ನೋಡಿದಳು. ಪಾದವೂ ಗೀಟೂ ಕೂಡುವ ಕಡೆಯೆಲ್ಲ ಮಸಿ ನಿಂತು ಮೂಲೆಗಳು ತುಂಬಿಕೊಂಡಿದ್ದವು. ಅವಳೇ ಚೂಪು ಮಾಡಿದ ಮೂಲೆಗಳು.

ಝಾಹೋರಿಕ್ ಹಾಳೆ ಇಳಿಸಲು ಬಂದರು. ಅಮ್ಮ ಏಪ್ರನ್ನಿನ ತುದಿ ಹಿಡಿದುಕೊಂಡು ನಿಂತಳು.

"ಝಾಹೋರಿಕ್ ಅವರೇ, ಒಂದು ಮಾತು. ಬೈಬೇಡಿ."

ಅವರು ಕಾದರು.

"ಹೋದ ವರ್ಷ ಒಂದು ಆರ್ ಮೂಲೇಲಿ ಚಾಕು ಜಾರಿ ನಿಮ್ಮ ಗೆರೆಗಿಂತ ಒಳಗೆ ಹೋಯ್ತು. ನಿಮಗೆ ಹೇಳ್ಳಿಲ್ಲ. ಒಲೆಗೆ ಹಾಕಕ್ಕೆ ಮನಸ್ಸಾಗದೆ ಚರ್ಚಿನ ಅಚ್ಚುಯಂತ್ರಕ್ಕೆ ಕೊಟ್ಟೆ. ವರ್ಷದಿಂದ ನೋಡ್ತಿದೀನಿ. ಅವರ ಹತ್ರ ಇರೋ ಮೊಳೆಗಳಲ್ಲಿ ಅದೊಂದೇ ಚೊಕ್ಕವಾಗಿ ಬೀಳೋದು. ಮಸಿ ಆ ಗೀರೊಳಗೆ ಇಳ್ದು ಹೋಗುತ್ತೆ. ಮೂಲೆ ತುಂಬಲ್ಲ."

ಮೂವತ್ತೊಂದು ವರ್ಷದಲ್ಲಿ ಆ ಮನುಷ್ಯನ ಗೆರೆಯನ್ನು ದಾಟಿ ಕೊರೆದವರಿರಲಿಲ್ಲ. ಕೂದಲೆಳೆಯಷ್ಟು ದಾಟಿದರೂ ಮೊಳೆ ಒಲೆಯ ಬುಟ್ಟಿಗೆ. ಅವರು ಹಾಳೆಯ ಮೇಲಿನ ಒಂದು ಮೂಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಎಷ್ಟು ಒಳಗೆ?" ಎಂದು ಕೇಳಿದರು.

"ಉಗುರಿನಷ್ಟು."

ಅವರು ಒಳಜೇಬಿನಿಂದ ಒಂದು ಚಿಕ್ಕ ಚಾಕು ತೆಗೆದರು. ಉಣ್ಣೆ ಬಟ್ಟೆಯಲ್ಲಿ ಸುತ್ತಿತ್ತು. ಅದು ಅವರ ತಂದೆಯದೆಂದೂ ಅದನ್ನು ಇನ್ನೊಬ್ಬರು ಮುಟ್ಟಲು ಬಿಟ್ಟಿರಲಿಲ್ಲವೆಂದೂ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತು. ಬಟ್ಟೆಯ ಸಮೇತ ಅಮ್ಮನ ಕೈಗಿಟ್ಟು, "ಗೆರೆ ದಾಟಿ" ಎಂದು ಹೇಳಿ ಹಾಳೆ ಸುರುಳಿ ಸುತ್ತತೊಡಗಿದರು.

ಶುಕ್ರವಾರ ಬೆಳಗ್ಗೆ ಆರು ಗಂಟೆಗೆ ಮೇಜಿನ ಆರೂ ಜನ ಕೂತಿದ್ದರು. ನಾನು ಹೊಟ್ಟು ಊದುವ ಕೆಲಸಕ್ಕೆ. ಹದಿಮೂರು ಮೊಳೆ, ನೂರರ ಹತ್ತಿರ ಮೂಲೆ. ಉಗುರಿನಷ್ಟು ಎಂದರೆ ಉಗುರಿನಷ್ಟೇ, ಹೆಚ್ಚಾದರೆ ಪಾದ ಮುರಿಯುತ್ತದೆ. ಯಾರೂ ಉಸಿರು ಬಿಡುತ್ತಿರಲಿಲ್ಲ, ಹ್ಯಾಟಿಯ ಹೊರತು.

"ನಿನ್ನ ಕೆಲಸ ಹೇಗೂ ಹೋಗಲ್ಲ ಹ್ಯಾಟಿ, ನೀನು ಮನೇಲಿ ಮಲಗ್ಬಹುದಿತ್ತಲ್ಲ" ಎಂದಳು ಒಬ್ಬಳು.

"ನೀವು ನಾಲ್ವರೂ ಹೊರಟೋದ್ರೆ ನಾನು ಗರ್ಟ್ರೂಡ್ ಜೊತೆ ಒಬ್ಳೇ ಕೂರ್ಬೇಕಲ್ಲ ಕಣೇ. ಅವಳು ಮಾತಾಡೋದು ವರ್ಷಕ್ಕೆರಡು ಸಲ. ಅದೂ ಹವಾಮಾನದ ಬಗ್ಗೆ."

"ಇವತ್ತು ಮಂಜು ಬರುತ್ತೆ" ಎಂದಳು ಗರ್ಟ್ರೂಡ್, ತಲೆ ಎತ್ತದೆ.

"ನೋಡಿದ್ರಾ. ಈ ವರ್ಷದ್ದು ಒಂದು ಮುಗೀತು."

ಹತ್ತು ಗಂಟೆಗೆ ಪಾದದಕ್ಷರಗಳು ಮುಗಿದವು. ಎಲ್ಲರೂ ಬೆರಳು ಮುರಿದುಕೊಳ್ಳುತ್ತಿದ್ದಾಗ ಅಮ್ಮ ಎದ್ದುಹೋಗಿ ಬೋಳಕ್ಷರದ ಮೊಳೆಗಳನ್ನು ತಟ್ಟೆಯಲ್ಲಿ ತಂದು ಮೇಜಿನ ಮೇಲಿಟ್ಟಳು.

"ಏನೇ ಇದು ಸ್ಟಾಜಿ?" ಎಂದಳು ಹ್ಯಾಟಿ.

"ಇದಕ್ಕೂ ಗೀರು ಹಾಕ್ಬೇಕು. ಇದರಲ್ಲೂ ಮೂಲೆ ಇದೆಯಲ್ಲ."

"ತಲೆ ಕೆಟ್ಟಿದೆಯಾ ನಿಂಗೆ? ನಿನ್ನ ಕುತ್ತಿಗೆಗೆ ನೀನೇ ಚಾಕು ಹಿಡಿತೀಯಾ?"

"ಒಂದಕ್ಕೆ ಹಾಕಿ ಒಂದಕ್ಕೆ ಬಿಟ್ರೆ ಅದು ಪರೀಕ್ಷೆ ಅಲ್ಲ ಹ್ಯಾಟಿ. ಇದನ್ನ ಬರೆದವನೂ ಕಷ್ಟಪಟ್ಟೇ ಬರ್ದಿರ್ತಾನೆ."

ಹ್ಯಾಟಿ ಅವಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ಬೈಯುತ್ತಲೇ ಕೈ ಚಾಚಿ, "ಆ ಎಚ್ ಈ ಕಡೆ ಕೊಡು. ನಿನ್ನ ಒಳ್ಳೇತನದಿಂದ ನನ್ನ ಕಾಫಿ ಆರೋಯ್ತು" ಎಂದಳು. ಬೋಳಕ್ಷರಗಳು ಅರ್ಧ ಗಂಟೆಯಲ್ಲಿ ಮುಗಿದವು. ಮೂಲೆಗಳೇ ಅಷ್ಟು ಕಡಿಮೆ.

ಗರ್ಟ್ರೂಡ್ ಹೇಳಿದ ಮಂಜು ನಾಲ್ಕೂವರೆಗೆ ಸರೋವರದಿಂದ ಎದ್ದು ನದಿಯ ಬಾಯಿಯೊಳಗೆ ಬಂತು. ಐದು ಗಂಟೆಗೆ ಸೇತುವೆ ಸೇರುವಷ್ಟರಲ್ಲಿ ಆಚೆ ದಡ ಹಾಲಿನಲ್ಲಿ ಅದ್ದಿದ ಹಾಗಿತ್ತು. ಈ ಸಲ ಹಾಳೆ ದಪ್ಪ. ಯಾವ ಕಡೆ ಮುಂದೆ ಎಂದು ಸಿಸ್ಟರ್ ಅಂಬ್ರೋಸಿಯಾ ಸ್ವತಃ ಹೋಗಿ ನೋಡಿ ಬಂದಿದ್ದರು. ಅಮ್ಮ ಮಾತ್ರ ಸೇತುವೆಗೆ ಬರಲಿಲ್ಲ. "ನೀನು ನೋಡಿ ಬಂದು ಹೇಳು. ನಂಗೆ ಮೇಜು ಒರೆಸೋದಿದೆ" ಎಂದಿದ್ದಳು. ಆ ಮೇಜನ್ನು ಅವಳು ಅದಾಗಲೇ ಎರಡು ಸಲ ಒರೆಸಿದ್ದಳು.

"ನಾಳೆಗೆ ಇಟ್ಕೊಳ್ಳೋಣ್ವಾ ಮಿಸ್ಟರ್ ಡನ್ಫಿ?" ಎಂದರು ಟೆಸ್ಕ್. "ಈ ಮಂಜಲ್ಲಿ ಏನು ಕಾಣುತ್ತೆ?"

"ರಸ್ತೇಲಿ ಮಂಜು ಇರಲ್ವಾ? ಇವತ್ತೇ ಆಗ್ಲಿ. ಬೆಳಗ್ಗೆಯಿಂದ ಒಂದೇ ಒಂದು ಒಣ ರೊಟ್ಟಿ ತಿಂದಿದೀನಿ, ಇದು ಮುಗಿದ್ರೆ ಸಾಕು."

ಡನ್ಫಿ ಸೇತುವೆಯ ಶೆಡ್ಡಿನ ಕಡೆಯ ತುದಿಯಲ್ಲಿ ದೀಪದ ಕಂಬದ ಹತ್ತಿರ ನಿಂತು, ಕಣ್ಣನ್ನು ಹಾಳೆಗಳ ಮೇಲೇ ನೆಟ್ಟು, ಹಿಂದುಹಿಂದಕ್ಕೆ ನಡೆಯತೊಡಗಿದರು. ಜನ ಎರಡು ಪಾಲಾಗಿ ದಾರಿ ಬಿಟ್ಟರು. ಒಂದನೆಯ ಕಂಬ ದಾಟಿತು, ಎರಡೂ ಕಾಣುತ್ತಿದ್ದವು. ಎರಡನೆಯ ಕಂಬ. ಬೋಳಕ್ಷರಗಳು ತುದಿಗಳಿಂದ ಸವೆಯತೊಡಗಿದವು. ಗೀಟುಗಳು ಎಲ್ಲಿ ಮುಗಿಯುತ್ತವೆಂದೇ ತಿಳಿಯದು, ಮಂಜು ಅವನ್ನು ಕೆಳಗಿನಿಂದ ಸ್ವಲ್ಪಸ್ವಲ್ಪವೇ ನೆಕ್ಕುತ್ತಿರುವ ಹಾಗೆ. ಮೂರನೆಯ ಕಂಬದ ಹತ್ತಿರ ಅದು ಬರೀ ಬೂದು ಪಟ್ಟಿಯಾಯಿತು.

ಅದರ ಕೆಳಗೆ ಝಾಹೋರಿಕ್ ಅವರ ಅಕ್ಷರಗಳು ನಿಂತಿದ್ದವು. ಚಳಿಯಲ್ಲಿ ಒಬ್ಬರ ಭುಜಕ್ಕೊಬ್ಬರು ತಾಗಿಕೊಂಡು ನಿಂತ ಜನರ ಹಾಗೆ, ಪಾದಕ್ಕೆ ಪಾದ ಹತ್ತಿರವಿಟ್ಟುಕೊಂಡು. ಪ್ರತಿ ಮೂಲೆಯಲ್ಲೂ ಚೂರು ಬಿಳಿ. ಮುದ್ದೆ ಎಲ್ಲೂ ಇರಲಿಲ್ಲ.

ನಾಲ್ಕನೆಯ ಕಂಬ. ಐದನೆಯದು. ಡನ್ಫಿ ಇನ್ನೂ ಹಿಂದಕ್ಕೆ ನಡೆಯುತ್ತಲೇ ಇದ್ದರು. ಕೊನೆಗೆ ಸೇತುವೆ ಮುಗಿದು, ಅಲ್ಲಿ ನಿಂತಿದ್ದ ಹ್ಯಾಟಿಗೆ ಅವರ ಬೆನ್ನು ತಾಗಿತು.

"ನಾನು ಅಲುಗಾಡಲ್ಲ ಮಿಸ್ಟರ್. ಮುಗೀತು, ಇನ್ನು ಹೇಳಿ" ಎಂದಳು ಅವಳು.

ಅವರು ಹ್ಯಾಟು ತೆಗೆದು ಅವಳಿಗೆ ಕ್ಷಮೆ ಕೇಳಿದರು. ಆಮೇಲೆ ಟೆಸ್ಕ್ ಕಡೆ ತಿರುಗಿ, "ಶುಕ್ರವಾರ ಮೀನೂಟ ಅಂತ ಸ್ಪಷ್ಟವಾಗಿ ಬರ್ದಿದೆ. ನಾನು ನಂಬ್ಕೊಂಡಿದೀನಿ. ಎಲ್ಲಿ ಊಟ?" ಎಂದರು.

"ಅಂದ್ರೆ ಪಾದದ್ದೇ ತಗೋತೀರಾ?" ಎಂದರು ಟೆಸ್ಕ್.

"ಎಲ್ಲಾ ಅಳತೆಯಲ್ಲೂ. ಆ ಮೂಲೆಗಳನ್ನ ಕೊರೆದೋರು ಯಾರೋ ಅವರೇ ಕೊರೀಬೇಕು, ಅಷ್ಟೇ ನನ್ನ ಷರತ್ತು. ಈಗ ಮೀನು ತೋರ್ಸಿ."

ಟೆಸ್ಕ್ ಹ್ಯಾಟನ್ನು ತಲೆಗೆ ಇಟ್ಟುಕೊಂಡರು. ಆ ವಾರ ಅದು ಅವರ ತಲೆಯ ಮೇಲೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಪ್ಪ ಸೇತುವೆಯ ಕಂಬಿಯನ್ನು ಎರಡು ಸಲ ತಟ್ಟಿದ. ಜನ ಸಭಾಂಗಣದ ಕಡೆ ನಡೆದರು. ಆ ಗದ್ದಲದಲ್ಲಿ ಎಲ್ಲರೂ ನನ್ನ ಕೈ ಕುಲುಕುವವರೇ. ಬೇಕರಿಯವನು ತಾನು ಮೊದಲೇ ಹೇಳಿದ್ದೆನೆಂದ. ಸಿಸ್ಟರ್ ನನ್ನ ತೋಳು ಹಿಡಿದು ಮೆಟ್ಟಿಲು ಹತ್ತಿದರು, ಅವರನ್ನು ಬೆಂಚಿನ ಮೇಲೆ ಕೂರಿಸದೆ ಬರಲಾಗಲಿಲ್ಲ. ಹೀಗಾಗಿ ಕಾರ್ಖಾನೆಗೆ ಓಡಲು ನನಗೆ ಕಾಲು ಗಂಟೆಯೇ ತಡವಾಯಿತು.

ಮೇಜಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಮ್ಮ ಕಿಟಕಿಯ ಕೆಳಗೆ ತನ್ನ ಸ್ಟೂಲಿನ ಮೇಲೆ ಕೂತಿದ್ದಳು. ಬ್ರಷ್ಷು ತೊಡೆಯ ಮೇಲಿತ್ತು. ಮೇಜಿನ ಮೇಲೆ, ಉಣ್ಣೆ ಬಟ್ಟೆಯಲ್ಲಿ ಅಚ್ಚುಕಟ್ಟಾಗಿ ಸುತ್ತಿದ ಚಾಕು, ಹಿಂದಿರುಗಿಸಲು ಸಿದ್ಧವಾಗಿ.

ಅವಳ ಎದುರು ಝಾಹೋರಿಕ್ ನಿಂತಿದ್ದರು. ನನಗಿಂತ ಮೊದಲೇ ಸಭಾಂಗಣಕ್ಕೆ ಹೋಗಿ, ಸಾಲಿನಲ್ಲಿ ನಿಂತು, ಮಂಜಿನಲ್ಲಿ ವಾಪಸು ನಡೆದು ಬಂದಿದ್ದಿರಬೇಕು. ಕೋಟಿನ ಭುಜ ಒದ್ದೆಯಾಗಿತ್ತು. ಕೈಯಲ್ಲಿ ಒಂದು ತಟ್ಟೆ, ಅದರ ಮೇಲೆ ಮುಚ್ಚಿದ ಇನ್ನೊಂದು ತಟ್ಟೆ. ಅಂಚಿನಿಂದ ಹುರಿದ ಮೀನಿನ ಆವಿ ಬರುತ್ತಿತ್ತು.

ಅವರು ಉಣ್ಣೆ ಬಟ್ಟೆಯ ಚಾಕುವನ್ನು ಇನ್ನು ಅದು ನಿಮ್ಮದೇ ಎನ್ನುವ ಹಾಗೆ ಬೆರಳಿನಿಂದ ಮೆಲ್ಲಗೆ ಅಮ್ಮನ ಕಡೆಗೇ ಸರಿಸಿದರು. ತೆರವಾದ ಜಾಗದಲ್ಲಿ ತಟ್ಟೆ ಇಡುವರೆಂದುಕೊಂಡೆ. ಇಡಲಿಲ್ಲ. ಮೇಲಿನ ತಟ್ಟೆ ತೆಗೆದರು. ಮೂರು ತುಂಡು ಮೀನು, ರೈ ರೊಟ್ಟಿ, ಎಲೆಕೋಸು, ಬೆಣ್ಣೆ ಹಾಕಿದ ಆಲೂಗಡ್ಡೆ.

ಅಮ್ಮ ಏಪ್ರನ್ನಿಗೆ ಕೈ ಒರೆಸಿಕೊಂಡಳು. ಅವರು ಬಗ್ಗಿ, ಎರಡೂ ಕೈಯಿಂದ, ತಟ್ಟೆಯನ್ನು ಅವಳ ಕೈಗೆ ಕೊಟ್ಟರು.